ಹಸಿರು ಚೀಟಿಗೆ ನಾನು ಹಾಕಿದ ಸಹಿ

ಹಳೆಯ ರೇಡಿಯೋಗಳೊಳಗಿನ ಗಾಜಿನ ವಾಲ್ವಿನ ಮೇಲೆ ಕೂತ ಧೂಳು ನಿಧಾನಕ್ಕೆ ಕಾಯುವಾಗ ಒಂದು ವಾಸನೆ ಬರುತ್ತದೆ. ಅದರಲ್ಲಿ ಸ್ವಲ್ಪ ಮೇಣ, ಸ್ವಲ್ಪ ಅರಗು, ಸ್ವಲ್ಪ ಹಳೆಯ ಕಟ್ಟಿಗೆಯ ವಾಸನೆ ಸೇರಿರುತ್ತದೆ. ಈಗಿನ ಮನೆಗಳಲ್ಲಿ ಯಾವ ಯಂತ್ರದಿಂದಲೂ ಹಾಗೆ ವಾಸನೆ ಬರುವುದಿಲ್ಲ, ಬಂದರೆ ಎದ್ದುಬಿದ್ದು ಓಡಿ ಮೇನ್ ಸ್ವಿಚ್ ಆರಿಸುತ್ತೇವೆ. ಹೋದ ತಿಂಗಳು ಅಬಿಡ್ಸಿನ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲಿನ ಅಂಗಡಿಯೊಂದರಲ್ಲಿ ಕೂತಿದ್ದೆ. ಅಂಗಡಿಯ ಯಜಮಾನರು ಇರ್ಫಾನ್ ಸಾಹೇಬರು, ನಡುವಯಸ್ಸಿನವರು. ಎರಡು ವಾಲ್ವ್ ಆಂಪ್ಲಿಫೈಯರುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಸ್ವಿಚ್ಚು ಹಾಕಿ, "ದೋ ಮಿನಿಟ್ ಬೈಠೋ ಮೇಡಂ, ಗರಮ್ ಹೋನೇ ದ್ಯೋ" ಎಂದರು. ವಾಲ್ವುಗಳ ಒಳಗೆ ಕೆಂಪು ಎಳೆ ಹೊತ್ತಿಕೊಂಡಿತು. ಹಿಂದೆಯೇ ಆ ವಾಸನೆ ಬಂತು. ಅಯ್ಯೋ ಶಿವನೇ, ನಾನು ಬಂದದ್ದು ಹಾಡು ಕೇಳುವ ಪೆಟ್ಟಿಗೆಯೊಂದನ್ನು ಆರಿಸಿಕೊಂಡು ಹೋಗಲಿಕ್ಕೆ, ಕೂತದ್ದು ಬಾಲಾನಗರದ ನಮ್ಮ ಹಳೆಯ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ.

ನನಗೀಗ ಐವತ್ತೊಂಬತ್ತು. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ, ಹೋದ ವರ್ಷ ರಿಟೈರಾದೆ. ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನ ಹನ್ನೊಂದನೆಯ ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಮದುವೆ ಆಗಲಿಲ್ಲ, ಅದರ ಬಗ್ಗೆ ದುಃಖವೂ ಇಲ್ಲ, ಕೇಳುವವರಿಗೆ ಉತ್ತರ ಕೊಟ್ಟೂ ಕೊಟ್ಟೂ ಬೇಸರ ಬಂದಿದೆ ಅಷ್ಟೇ. ವಾಚ್‌ಮನ್ ಜೊತೆ ತೆಲುಗು, ಕೆಲಸಕ್ಕೆ ಬರುವ ಸಲ್ಮಾಳ ಜೊತೆ ಹಿಂದಿ. ಅವ್ವ ಹೋದ ಮೇಲೆ ಮನೆಯಲ್ಲಿ ಕನ್ನಡ ನಿಂತೇಹೋಗಿದೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನನಗೆ ನಾನೇ ಕೇಳಿಕೊಳ್ಳುವುದನ್ನು ಬಿಟ್ಟರೆ. ಮನೆ ತುಂಬಾ ಏನಾದರೂ ದನಿ ಇರಲಿ ಎಂದು ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್ ಮತ್ತು ಸ್ಟೇಷನ್ ಹಿಡಿಯುವ ಟ್ಯೂನರ್ ಕೊಳ್ಳಲು ಹೊರಟಿದ್ದೆ. ಇರ್ಫಾನ್ ಸಾಹೇಬರು ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತ, ಅದೇ ಸಾರಂಗಿಯನ್ನು ಎರಡರಲ್ಲೂ ಕೇಳಿಸಿದರು. ನನಗೆ ಎರಡೂ ಒಂದೇ ಕೇಳಿದವು. ಆದರೂ ದೊಡ್ಡ ತಿಳಿದವಳ ಹಾಗೆ ತಲೆ ಆಡಿಸುತ್ತ ಕೂತೆ. ಕಿವಿ ಮಂದವಾಗುತ್ತಿರುವುದನ್ನು ನಾನು ಆವರೆಗೂ ಯಾರಿಗೂ ಹೇಳಿರಲಿಲ್ಲ. ಯಾರಿಗೆ ಹೇಳಲಿ?

ನನ್ನ ಅಪ್ಪ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ವಿಮಾನಗಳಿಗೆ ಹಾಕುವ ರೇಡಿಯೋಗಳ ಕೊನೆಯ ಪರೀಕ್ಷೆ ಮಾಡುತ್ತಿದ್ದ. ಗದಗಿನ ಕಡೆಯಿಂದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಬಂದವನು. ಮೀಟರುಗಳ ಪರೀಕ್ಷೆಯೆಲ್ಲ ಮುಗಿದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬ ಮನುಷ್ಯ ಅದನ್ನು ಕೇಳಿ ನೋಡಬೇಕು. ಆ ಮನುಷ್ಯ ಅಪ್ಪ. ಅವನು ಸರಿ ಎಂದರೆ ಸಾಲದು, ಇನ್ನೊಬ್ಬ ಕೇಳಿ ಅವನೂ ಸಹಿ ಹಾಕಬೇಕು. ಎರಡು ಸಹಿ ಬಿದ್ದರೆ ರೇಡಿಯೋಗೆ ಹಸಿರು ಚೀಟಿ ಕಟ್ಟುತ್ತಾರೆ, ಇಲ್ಲದಿದ್ದರೆ ಕೆಂಪು. ಅಪ್ಪನಿಗೆ ಈ ಪದ್ಧತಿಯ ಮೇಲೆ ಎಷ್ಟು ಭಕ್ತಿ ಎಂದರೆ, ಕಾರ್ಖಾನೆಯ ಗೇಟಿನಲ್ಲಿ ಅದನ್ನು ಬಿಟ್ಟು ಬರಲು ಅವನಿಂದ ಆಗುತ್ತಲೇ ಇರಲಿಲ್ಲ. ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ, ತೂತು ಹೊಡೆದು, ದಾರ ಪೋಣಿಸಿ, ಮನೆಗೂ ಹಸಿರು ಕೆಂಪು ಚೀಟಿ ಮಾಡಿಟ್ಟಿದ್ದ. ಇಸ್ತ್ರಿ ಪೆಟ್ಟಿಗೆ ರಿಪೇರಿ ಆದರೆ ಚೀಟಿ, ಸೈಕಲ್ಲಿನ ಬ್ರೇಕಿಗೆ ಚೀಟಿ. ಮೊದಲ ಸಹಿ ಅವನದು, ಎರಡನೆಯದು ನನ್ನದು. "ನಾ ನೋಡೇನಿ ಅಂತ ನೀ ನೋಡಬ್ಯಾಡ ಸುಮ್ಮಿ. ನಾ ನೋಡೇ ಇಲ್ಲ ಅಂತ ತಿಳಕೊಂಡು ನೋಡು" ಎನ್ನುತ್ತಿದ್ದ. ಏಳು ವರ್ಷದವಳು ನಾನು, ಬ್ರೇಕು ಹಿಡಿದು ಹಿಡಿದು ನೋಡಿ, ನಾಲಿಗೆ ಹೊರಗೆ ಚಾಚಿಕೊಂಡು ವಕ್ರವಾಗಿ ಹೆಸರು ಬರೆಯುತ್ತಿದ್ದೆ. ಅವ್ವ ಒಳಗಿನಿಂದ, "ಏನ್ರಿ, ನನ್ನ ಸಾರಿಗೊಂದು ಚೀಟಿ ಕಟ್ಟಿಬಿಡ್ರಿ, ಊಟಕ್ಕ ಕೂಡೂದು ಬ್ಯಾಡ, ನೇತು ಹಾಕೂಣು" ಎಂದು ಕೂಗುತ್ತಿದ್ದಳು.

ಅಪ್ಪನ ನಿಜವಾದ ಹುಚ್ಚು ಇದ್ದದ್ದು ಹಾಡಿನ ಪೆಟ್ಟಿಗೆಯದು. ಭಾನುವಾರ ಬಸ್ಸು ಹಿಡಿದು ನನ್ನನ್ನು ಅಬಿಡ್ಸಿಗೆ ಕರೆದುಕೊಂಡು ಹೋಗುತ್ತಿದ್ದ. ಫುಟ್‌ಪಾತಿನ ಪುಸ್ತಕಗಳನ್ನು ದಾಟಿ, ಹಿಂದಿನ ಗಲ್ಲಿಯ ಸ್ಪೇರ್‌ಪಾರ್ಟ್ ಅಂಗಡಿಗಳಲ್ಲಿ ಬಾಗಿ ಕೂತು, ಹಳೆಯ ಮಿಲಿಟರಿ ರೇಡಿಯೋಗಳಿಂದ ಬಿಚ್ಚಿದ ವಾಲ್ವುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದು, ಒಳಗೆ ಏನಾದರೂ ಅಲುಗುತ್ತದೆಯೇ ಎಂದು ನನಗೂ ಕೇಳಲು ಕೊಡುತ್ತಿದ್ದ. ಅಂಗಡಿಯವರಿಗೆ ನಗು, ನನಗೆ ಹೆಮ್ಮೆ. ಹೀಗೆ ಎರಡು ವರ್ಷ ತಂದು ಕೂಡಿಹಾಕಿ ಒಂದು ಸಣ್ಣ ಆಂಪ್ಲಿಫೈಯರ್ ಕಟ್ಟಿದ, ಅದರ ಜೊತೆಗೊಂದು ಟ್ಯೂನರ್. ಟ್ಯೂನರಿನ ಡಯಲಿಗೆ ಅಂಕಿ ಇರಲಿಲ್ಲ. ಬಿಳಿ ಕಾಗದದ ಪಟ್ಟಿಯ ಮೇಲೆ ಅವ್ವನ ಕೈಯಲ್ಲಿ ಊರುಗಳ ಹೆಸರು ಬರೆಸಿದ್ದ: ಹೈದರಾಬಾದ, ವಿಜಯವಾಡ, ಪುಣೆ, ಧಾರವಾಡ. ಅವ್ವ ಧಾರವಾಡವನ್ನು ಉಳಿದವುಗಳಿಗಿಂತ ದಪ್ಪಗೆ ಬರೆದು ಕೆಳಗೆ ಗೆರೆ ಎಳೆದಿದ್ದಳು. ಬರುವುದು ಒಂದೇ ದನಿಯಾದರೂ ಸ್ಪೀಕರಿನ ಪೆಟ್ಟಿಗೆಗಳು ಎರಡು. ಯಾಕೆ ಎಂದು ಕೇಳಿದರೆ, "ಕಿವಿ ಎರಡದಾವಲ್ಲ" ಎನ್ನುತ್ತಿದ್ದ.

ಹಗಲು ಹೊತ್ತಿನಲ್ಲಿ ಧಾರವಾಡ ಸಿಗುತ್ತಿರಲಿಲ್ಲ. ಸೂರ್ಯ ಇಳಿದು, ಕಾರ್ಖಾನೆಯ ಚಿಮಣಿಯ ಹಿಂದೆ ಆಕಾಶ ಕಂದಾಗುವ ಹೊತ್ತಿಗೆ, ಹೈದರಾಬಾದ ಮತ್ತು ಪುಣೆಯ ನಡುವಿನ ಗೊರಗೊರದೊಳಗಿಂದ ಅದು ಮೆಲ್ಲಗೆ ಎದ್ದು ಬರುತ್ತಿತ್ತು. ಅಪ್ಪ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಕೂದಲಷ್ಟೇ ತಿರುಗಿಸುತ್ತಿದ್ದ. ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಹತ್ತೇತೇನ್ರಿ?" ಎಂದು ಕೇಳುತ್ತಿದ್ದಳು. ಹತ್ತಿತು ಎಂದರೆ ಅವಳ ಮುಖ ನೋಡಬೇಕಿತ್ತು. ಮದುವೆಯಾಗಿ ಈ ಊರಿಗೆ ಬಂದು ಹನ್ನೆರಡು ವರ್ಷವಾದರೂ ಅವಳಿಗೆ ತೆಲುಗು ಒಲಿಯಲಿಲ್ಲ, ಹಿಂದಿ ತರಕಾರಿ ಗಾಡಿಯ ಮಟ್ಟಿಗೆ. ಹಗಲೆಲ್ಲ ಮಾತಿಲ್ಲದೆ ಇದ್ದ ಹೆಂಗಸು ಸಂಜೆ ರೇಡಿಯೋದವರ ಜೊತೆ ಮಾತಿಗೆ ಇಳಿಯುತ್ತಿದ್ದಳು. ಹತ್ತಿಯ ಧಾರಣೆ ಓದಿದರೆ, "ಹೌದೇನವ್ವಾ, ಹಂಗಾರ ನಮ್ಮಣ್ಣಗ ಈ ವರ್ಷ ಛಲೋ ಆತು ಬಿಡು" ಎಂದು ಓದುವವಳಿಗೇ ಹೇಳುತ್ತಿದ್ದಳು. ಭಾನುವಾರವಂತೂ ಸುತ್ತಲಿನ ಕನ್ನಡದ ನಾಲ್ಕಾರು ಮನೆಯವರು ಚಾಪೆ ಹಾಸಿ ಕೂರುತ್ತಿದ್ದರು. ಚುರುಮುರಿ, ಚಹಾ, ವಾಲ್ವಿನ ವಾಸನೆ. ಸಣ್ಣ ಪೆಟ್ಟಿಗೆಯ ದನಿ ಬಹಳ ಮೆತ್ತಗಿತ್ತು. ಹಾಡುವವರು ಉಸಿರು ತೆಗೆದುಕೊಂಡದ್ದೂ ಕೇಳಿಸುತ್ತಿತ್ತು, ಆದರೆ ಯಾವ ದನಿಯೂ ಕಿವಿಗೆ ತಾಗಿ ನೋವಾಗುತ್ತಿರಲಿಲ್ಲ. ಅಂಥ ದನಿಯನ್ನು ನಾನು ಮತ್ತೆ ಕೇಳಿಲ್ಲ.

ನನಗೆ ಹತ್ತು ತುಂಬಿದ ವರ್ಷ ಅಪ್ಪ ಇನ್ನೊಂದು ಆಂಪ್ಲಿಫೈಯರ್ ತಂದ. ವರ್ಗವಾಗಿ ಹೋಗುತ್ತಿದ್ದ ಯಾರೋ ಅಧಿಕಾರಿಯದು, ದೊಡ್ಡದು, ಇಬ್ಬರು ಹಿಡಿದು ಎತ್ತಬೇಕು. ಅದನ್ನು ಟ್ಯೂನರಿಗೆ ಜೋಡಿಸಿದ ದಿನ ಅಪ್ಪ, "ಆಹಾ, ಈಗ ನೋಡು ಹೆಂಗ ಬಿಡಿಸಿ ಬಿಡಿಸಿ ಕೇಳತೈತಿ" ಎಂದು ತೊಡೆ ತಟ್ಟಿಕೊಂಡ. ನನಗೂ ಅವ್ವನಿಗೂ ಮುಖ ಮುಖ ನೋಡುವ ಹಾಗಾಯಿತು. ದನಿಯೆಲ್ಲ ತಗಡಿನದಾಗಿತ್ತು. 'ಸ' ಎಂದಾಗಲೆಲ್ಲ ಸೂಜಿ ಚುಚ್ಚಿದ ಹಾಗೆ. ಅಪ್ಪ ಕೀರಲು ದನಿ ಹೆಚ್ಚಿಸುವ ಟ್ರೆಬಲ್ ಗುಂಡಿಯನ್ನು ಇನ್ನೂ ಬಲಕ್ಕೆ ತಿರುಗಿಸಿದ. ಆಗ ನನಗೆ ಬೇರೆ ಕೆಲವು ಸಂಗತಿಗಳು ನೆನಪಾದವು. ಅಲಾರಾಮ್ ಹೊಡೆದುಕೊಳ್ಳುತ್ತಿದ್ದರೂ ಅಪ್ಪ ಮಲಗೇ ಇರುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಅವ್ವ ಮೆಲ್ಲಗೆ ಏನಾದರೂ ಹೇಳಿದರೆ ಅವಳ ತುಟಿ ನೋಡುತ್ತಿದ್ದ. ವರ್ಷಗಟ್ಟಲೆ ಕಿವಿಯಲ್ಲಿ ಕೀರಲು ಶಬ್ದ ಕೇಳಿ ಕೇಳಿ ಅವನ ಕಿವಿ ಸವೆದಿತ್ತು. ಹತ್ತು ವರ್ಷದ ಹುಡುಗಿಗೆ ಅಷ್ಟೆಲ್ಲ ವಿವರಿಸಲು ಬರುತ್ತಿರಲಿಲ್ಲ, ಆದರೆ ಗೊತ್ತಾಗಿತ್ತು.

ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಚ್ಚಿ ಅದರ ವಾಲ್ವುಗಳನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಬೇಕೆಂದು ಅಪ್ಪನ ಲೆಕ್ಕಾಚಾರ. ವಾಲ್ವು ಸಿಗುವುದು ಕಷ್ಟವಾಗಿತ್ತು. ಯಾವುದನ್ನು ಇಡಬೇಕೆಂದು ಭಾನುವಾರ ಪರೀಕ್ಷೆ, ಎಂದಿನಂತೆ ಎರಡನೆಯ ಸಹಿ ನನ್ನದು. ಶನಿವಾರ ಮಧ್ಯಾಹ್ನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. "ಸುಮ್ಮಿ, ನಾಳೆ ನಿಮ್ಮಪ್ಪ ಕೇಳಿದ್ರ ದೊಡ್ಡದ ಛಲೋ ಐತಿ ಅನ್ನು. ತಿಳೀತಿಲ್ಲೋ?" ಎಂದಳು. ಯಾಕವ್ವಾ, ಅದು ಚುಚ್ಚುತ್ತದಲ್ಲ ಎಂದೆ. ಅವಳು ನನ್ನ ತೋಳು ಹಿಡಿದಳು, ಸ್ವಲ್ಪ ಜೋರಾಗಿಯೇ. "ಅಪ್ಪನ ಕಿವಿ ಹೋಗೇತಿ ಅಂತ ಗೊತ್ತಾತಂದ್ರ ಟೆಸ್ಟ್ ರೂಮಿನಿಂದ ತಗದು ಗೋದಾಮಿಗೆ ಒಗೀತಾರ. ಅವರಿಗೆ ಆ ಕೆಲಸ ಬಿಟ್ರ ಬ್ಯಾರೆ ಏನೈತಿ? ಅವರು ಉಳಿಯಂಗಿಲ್ಲ ನೋಡು." ಅವಳ ಕಣ್ಣಲ್ಲಿ ನೀರಿತ್ತು. ನಾನು ಹೂಂ ಎಂದೆ. ಅವ್ವನ ಕಣ್ಣೀರಿಗೆ ಯಾವ ಮಗು ಊಹೂಂ ಅನ್ನುತ್ತದೆ?

ಭಾನುವಾರ ಸಂಜೆ ಅಪ್ಪ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ. ಯಾವುದು ಹಾಡುತ್ತಿದೆ ಎಂದು ಕಾಣಬಾರದು, ಅದು ನಿಯಮ. ಧಾರವಾಡ ಹತ್ತಿತ್ತು, ಯಾರೋ ಹೆಂಗಸು ದೇವರ ಪದ ಹಾಡುತ್ತಿದ್ದಳು. "ಒಂದು" ಎಂದ. ಆ ಮೆತ್ತಗಿನ ದನಿ ಬೆನ್ನ ಹಿಂದಿನಿಂದ ಬಂದು ನನ್ನನ್ನು ಸುತ್ತಿಕೊಂಡಿತು. "ಎರಡು" ಎಂದ. ನನ್ನ ಹಲ್ಲು ಜುಮ್ಮೆಂದಿತು. ಮತ್ತೆ ಒಂದು, ಮತ್ತೆ ಎರಡು, ಹೀಗೆ ಐದಾರು ಸಲ. ಎದುರಿನ ಗೋಡೆಯ ಸುಣ್ಣ ಎದ್ದುಹೋದ ಜಾಗವನ್ನೇ ನೋಡುತ್ತಿದ್ದೆ. "ಹೇಳವ್ವಾ. ಯಾವುದು? ನಾ ಏನೂ ಹೇಳಿಲ್ಲ ಅಂತ ತಿಳಕೊಂಡು ಹೇಳು." ಅವನ ದನಿಯಲ್ಲಿ ಏನೋ ಬೇರೆ ಇತ್ತು, ಪರೀಕ್ಷೆಗೆ ಕೂತವರ ದನಿಯ ಹಾಗೆ. ಅಡುಗೆಮನೆಯಲ್ಲಿ ಬಳೆಯ ಸದ್ದು ನಿಂತಿತ್ತು. ನಾನು "ಎರಡನೇದು" ಎಂದೆ. ಅಪ್ಪ ಒಂದು ಉದ್ದನೆಯ ಉಸಿರು ಬಿಟ್ಟ. ಬಂದು ನನ್ನ ಎರಡೂ ಕಿವಿ ಹಿಡಿದು ತಲೆಗೆ ಮುತ್ತು ಕೊಟ್ಟು, "ನಿನ್ನ ಕಿವಿ ಬಂಗಾರದ್ದು ನೋಡು" ಎಂದ. ಹಸಿರು ಚೀಟಿಗೆ ಅವನು ಸಹಿ ಹಾಕಿದ, ಕೆಳಗೆ ನಾನು ಹಾಕಿದೆ. ಆ ಹೊತ್ತಿಗೆ ನನ್ನ ಅಕ್ಷರ ದುಂಡಗಾಗಿತ್ತು.

ಮರುದಿನ ಕೆಲಸದಿಂದ ಬಂದವನೇ ಸಣ್ಣ ಪೆಟ್ಟಿಗೆಯನ್ನು ಬಿಚ್ಚಿದ. ವಾಲ್ವುಗಳನ್ನು ಒಂದೊಂದಾಗಿ ಕಿತ್ತು ಪೇಪರಿನಲ್ಲಿ ಸುತ್ತಿ ಬಿಸ್ಕೀಟಿನ ಡಬ್ಬಿಗೆ ಹಾಕಿದ. ಉಳಿದ ತಗಡು ರದ್ದಿಯವನಿಗೆ ಹೋಯಿತು. ಆಮೇಲೆ ಎಂಟು ತಿಂಗಳು ನಾವು ಧಾರವಾಡವನ್ನು ಆ ದೊಡ್ಡ ಪೆಟ್ಟಿಗೆಯಲ್ಲಿ ಕೇಳಿದೆವು. ಕೇಳಿದೆವು ಎಂದರೆ ಸಹಿಸಿಕೊಂಡೆವು. ಭಾನುವಾರದ ಚಾಪೆ ಬರಬರುತ್ತ ಖಾಲಿಯಾಯಿತು. ಒಬ್ಬರಿಗೆ ತಲೆನೋವು, ಇನ್ನೊಬ್ಬರ ಮನೆಗೆ ನೆಂಟರು. ಪಕ್ಕದ ಗಂಗಾ ಮೌಶಿ ಮಾತ್ರ ಹತ್ತಿಯನ್ನು ಉಂಡೆ ಕಟ್ಟಿ ಸೆರಗಿನ ಮರೆಯಲ್ಲಿ ಕಿವಿಗೆ ಇಟ್ಟುಕೊಂಡು ಬಂದು ಕೂತು, "ಭಾಳ ಛಲೋ ಬರಾಕತ್ತೇತ್ರಿ" ಎನ್ನುತ್ತಿದ್ದಳು. ಅವ್ವ ರೇಡಿಯೋದವರಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದಳು. ನಾವೆಲ್ಲ ಎಷ್ಟು ಒಳ್ಳೆಯವರು ನೋಡಿ. ಒಬ್ಬ ಮನುಷ್ಯನ ಸುತ್ತ ಇಷ್ಟು ಜನ ಕೂತು, ಒಬ್ಬರೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವನು ಅವ್ವನ ತಮ್ಮ ಶಂಕ್ರು ಮಾಮಾ. ಹುಬ್ಬಳ್ಳಿಯಿಂದ ಎರಡು ದಿನಕ್ಕೆಂದು ಬಂದಿದ್ದ. ಅಪ್ಪ ಹುರುಪಿನಿಂದ ಪೆಟ್ಟಿಗೆ ಹಚ್ಚಿದ. ಮಾಮಾ ಎರಡು ನಿಮಿಷ ಕೇಳಿರಬಹುದು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಭಾವಾರ, ಬಂದ್ ಮಾಡ್ರಿ ಮಾರಾಯ್ರ! ಇದೇನ್ ರೇಡಿಯೋನೋ ತಗಡು ಕೊರಿಯೂದೋ? ಮನ್ಯಾಗ ಹೆಂಗ ಕೇಳತೀರಿ ಇದನ್ನ?" ಎಂದು ನಕ್ಕ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಪ್ಪನೂ ನಗಲು ನೋಡಿದ. ಆಮೇಲೆ ಅವ್ವನ ಕಡೆ ನೋಡಿದ, ಅವಳು ತಲೆ ತಗ್ಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದ. "ಸುಮ್ಮಿ, ಹೌದೇನು? ಚುಚ್ಚತೈತೇನು?" ನಾನು ಹಸಿರು ಚೀಟಿಯ ಕಡೆ ನೋಡಿದೆ. "ಅವತ್ತೂ ಚುಚ್ಚತಿತ್ತೇನು?" ನಾನು ಹೌದೆಂದು ತಲೆ ಆಡಿಸಿದೆ. ಅಪ್ಪ ಬೈಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದು ಸ್ವಿಚ್ಚು ಆರಿಸಿದ, ವಾಲ್ವುಗಳ ಕೆಂಪು ಆರುವ ತನಕ ಅಲ್ಲೇ ನಿಂತಿದ್ದ. ಕಟ್ಟಿದ್ದ ಹಸಿರು ಚೀಟಿ ಬಿಚ್ಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮರುದಿನ ಅಪ್ಪ ಕಾರ್ಖಾನೆಯಲ್ಲಿ ತಾನೇ ಅರ್ಜಿ ಬರೆದು ಕೊಟ್ಟ: ನನ್ನ ಕಿವಿ ಈ ಕೆಲಸಕ್ಕೆ ತಕ್ಕುದಲ್ಲ, ಎಂಟು ತಿಂಗಳಿಂದ ನಾನು ಸಹಿ ಹಾಕಿದ ರೇಡಿಯೋಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಬೇಕು. ವಿಮಾನದಲ್ಲಿ ಕೂತವನ ಜೀವ ಆ ದನಿಯ ಮೇಲೆ ನಿಂತಿರುತ್ತದೆ ಎಂದು ಅವನು ಮೊದಲಿಂದಲೂ ಹೇಳುತ್ತಿದ್ದ. ಒಂದೊಂದನ್ನೂ ತರಿಸಿ ನೋಡಿದರಂತೆ. ಒಂದೂ ಕೆಟ್ಟಿರಲಿಲ್ಲ. ಆದರೂ ಆ ದಿನಗಳಲ್ಲಿ ಅವನು ತನ್ನ ಕೈಕೆಳಗಿನವರ ಮುಂದೆ ಒಂದು ಸ್ಟೂಲಿನ ಮೇಲೆ ಕೂತು, ಅವರು ಕೇಳಿ ಮುಗಿಸುವ ತನಕ ಅವರ ಮುಖ ನೋಡುತ್ತಿರಬೇಕಾಗಿತ್ತು. ಆಮೇಲೆ ಗೋದಾಮಿಗೆ ಹೋದ. ಅವ್ವ ಯಾವುದಕ್ಕೆ ಹೆದರಿದ್ದಳೋ ಅದೇ ಆಯಿತು. ಅಪ್ಪ ಸಾಯಲಿಲ್ಲ, ಹುಚ್ಚನಾಗಲಿಲ್ಲ, ಊಟದ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋಗಿ ಬರುತ್ತಿದ್ದ. ನನ್ನ ಜೊತೆಯೂ ಚೆನ್ನಾಗಿಯೇ ಇದ್ದ, ಶಾಲೆಯ ಫೀಜು, ಹೊಸ ಅಂಗಿ, ಜ್ವರ ಬಂದರೆ ಹಣೆ ಒತ್ತುವುದು ಎಲ್ಲ ಇತ್ತು. ಒಂದೇ ಒಂದು ಇರಲಿಲ್ಲ. ಸೈಕಲ್ಲಿನ ಬ್ರೇಕು ಸರಿಮಾಡಿದರೆ ತಾನೇ ಎರಡು ಸಲ ನೋಡಿ ಏರಿ ಹೋಗುತ್ತಿದ್ದ. ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ, ಈಗ ಕರೆಯುತ್ತಾನೆ, ಈಗ ಕರೆಯುತ್ತಾನೆ ಎಂದು. ಮತ್ತೆ ಯಾವತ್ತೂ ನನ್ನ ಸಹಿ ಕೇಳಲಿಲ್ಲ. ಗಣಿತದಲ್ಲಿ ಚಿನ್ನದ ಪದಕ ಬಂದ ದಿನವೂ ಪ್ರಮಾಣಪತ್ರವನ್ನು ಎರಡು ಸಲ ಓದಿ, "ಭಾಳ ಸಂತೋಷ ಆತವ್ವಾ" ಎಂದು ವಾಪಸ್ಸು ಕೊಟ್ಟ.

ದೊಡ್ಡ ಪೆಟ್ಟಿಗೆ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು, ಯಾವಾಗಲೋ ಯಾರಿಗೋ ಹೋಯಿತು. ಅವ್ವನಿಗೊಂದು ಸಣ್ಣ ಟ್ರಾನ್ಸಿಸ್ಟರ್ ಬಂತು. ಅದರಲ್ಲಿ ಧಾರವಾಡ ಹತ್ತಲಿಲ್ಲ. ಅಪ್ಪ ರಿಟೈರಾಗಿ ಆರು ವರ್ಷಕ್ಕೆ ಹೋದ. ಕ್ವಾರ್ಟರ್ಸು ಬಿಟ್ಟಾಗಿತ್ತು, ಈಗ ಆ ಸಾಲಿನ ಮನೆಗಳನ್ನೂ ಕೆಡವಿದ್ದಾರೆ. ಆ ಕಡೆ ಹೋದರೆ ಯಾವ ಜಾಗದಲ್ಲಿ ನಮ್ಮ ಮುಂದಿನ ಕೋಣೆ ಇತ್ತೆಂದು ನನಗೇ ಗೊತ್ತಾಗುವುದಿಲ್ಲ. ಅವ್ವ ಕೊನೆಯ ಹದಿನಾಲ್ಕು ವರ್ಷ ನನ್ನ ಜೊತೆ ಗಚ್ಚಿಬೌಲಿಯಲ್ಲಿದ್ದಳು. ಬಾಲ್ಕನಿಯಲ್ಲಿ ಕೂತು, ಕೆಳಗೆ ಓಡುವ ಕಾರುಗಳನ್ನು ನೋಡಿ, "ಇವರೆಲ್ಲಾ ಎಲ್ಲಿಗೆ ಹೊಂಟಾರ?" ಎಂದು ದಿನಾ ಕೇಳುತ್ತಿದ್ದಳು.

ಅವಳು ಹೋಗುವುದಕ್ಕೆ ಒಂದು ವರ್ಷ ಮೊದಲು, ಒಂದು ಬೆಳಿಗ್ಗೆ ನಾವಿಬ್ಬರೂ ಪುಂಡಿ ಸೊಪ್ಪು ಬಿಡಿಸುತ್ತ ಕೂತಿದ್ದೆವು. ಇದ್ದಕ್ಕಿದ್ದಂತೆ, "ಸುಮ್ಮಿ, ನಾ ನಿನಗ ಒಂದು ಹೇಳಿಲ್ಲ" ಎಂದಳು. ಹೇಳು ಎಂದೆ. "ಆ ರೇಡಿಯೋ ಪರೀಕ್ಷಾ ಮಾಡಿದ್ದಕ್ಕ ಒಂದು ವಾರ ಮೊದಲ ನಿಮ್ಮಪ್ಪ ಕಿವಿ ಡಾಕ್ಟರ್ ಕಡೆ ಹೋಗಿ ಬಂದಿದ್ರು. ಎರಡೂ ಕಿವಿ ಅರ್ಧ ಹೋಗ್ಯಾವ ಅಂದಿದ್ದಂತ. ಮನಿಗೆ ಬಂದು ನನಗೊಬ್ಬಾಕಿಗೇ ಹೇಳಿದ್ರು." ನನ್ನ ಕೈ ನಿಂತಿತು. ಅವ್ವ ಸೊಪ್ಪು ಬಿಡಿಸುತ್ತಲೇ ಇದ್ದಳು. "ಡಾಕ್ಟರದು ಒಂದ ಸಹಿ ಆತು, ಇನ್ನೊಂದು ಸುಮ್ಮಿದು ಆಗ್ಲಿ ಅಂದ್ರು. ಆಕಿ ಸುಳ್ಳ ಹೇಳಂಗಿಲ್ಲ, ಆಕಿ ಸಣ್ಣದ ಛಲೋ ಅಂದ್ರ ಮರುದಿನಾನ ಕಾಗದಾ ಬರದು ಕೊಡತೀನಿ, ದೊಡ್ಡದ ಅಂದ್ರ ಡಾಕ್ಟರಂದು ತಪ್ಪು ಅಂತ. ಅದಕ್ಕ ನನಗ ಅಂಜಿಕಿ ಆತು. ನಿನ್ನ ಕರದು ಹಂಗ ಕಲಿಸಿಬಿಟ್ಟೆ."

ನೋಡಿ, ನಾನು ಅಷ್ಟು ವರ್ಷ ತಿಳಿದುಕೊಂಡದ್ದು ಅಪ್ಪ ಎರಡು ಪೆಟ್ಟಿಗೆಯಲ್ಲಿ ಒಂದನ್ನು ಆರಿಸುತ್ತಿದ್ದ ಎಂದು. ಅವನು ಗೋಡೆಗೆ ಮುಖ ಮಾಡಿಸಿ ಕೂರಿಸಿ ನನ್ನನ್ನು ಕೇಳಿದ್ದು ತನ್ನ ಕಿವಿಯ ಬಗ್ಗೆ. ಡಾಕ್ಟರರ ಯಂತ್ರಕ್ಕಿಂತ ಹತ್ತು ವರ್ಷದ ಮಗಳ ಮಾತು ದೊಡ್ಡದೆಂದು ನಂಬಿ, ಸಮಾಧಾನದ ಉಸಿರು ಬಿಟ್ಟು, ಎಂಟು ತಿಂಗಳು ನಿಶ್ಚಿಂತೆಯಿಂದ ಕೆಲಸಕ್ಕೆ ಹೋದ. ನನಗೆ ಅವ್ವನ ಮೇಲೆ ಎಂಥ ಸಿಟ್ಟು ಬಂತೆಂದರೆ ಸೊಪ್ಪಿನ ಪುಟ್ಟಿಯನ್ನು ಎತ್ತಿ ಒಗೆಯಬೇಕೆನಿಸಿತು. ಎಂಬತ್ತಮೂರರ ಮುದುಕಿ, ಬೆರಳು ಹುಳಿಗೆ ಕಪ್ಪಾಗಿದ್ದವು, ನನ್ನ ಮುಖ ನೋಡಲು ಧೈರ್ಯವಿಲ್ಲದೆ ಎಲೆ ಎಣಿಸುತ್ತಿದ್ದಾಳೆ. "ಯಾಕ ಹೇಳಿದೀ ಈಗ?" ಎಂದೆ. "ಯಾರಿಗರ ಹೇಳಬೇಕಲ್ಲವಾ" ಎಂದಳು. ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅವಳಿಗೆ ಕೇಳಿಸಿರಬಹುದು. ಕಿವಿ ಅವಳದು ಕೊನೆಯ ತನಕ ಚುರುಕಾಗಿತ್ತು.

ಅಬಿಡ್ಸಿನ ಅಂಗಡಿಯಲ್ಲಿ ಸಾರಂಗಿ ಮುಗಿದಿತ್ತು. ಟ್ಯೂನರ್ ಆಗಲೇ ಆಯ್ದುಕೊಂಡಾಗಿತ್ತು, ಅಂಗಡಿಯಲ್ಲಿ ಇದ್ದದ್ದೇ ಒಂದು. ಅದರಲ್ಲಿ ಎಫ್‌ಎಂ ಮಾತ್ರ. ಆಗ ಧಾರವಾಡ ಬರುತ್ತಿದ್ದ ಮೀಡಿಯಂ ವೇವ್ ಬೇಕೆಂದು ಕೇಳಿದ್ದಕ್ಕೆ ಇರ್ಫಾನ್ ಸಾಹೇಬರು ಗೌರವದಿಂದಲೇ ತಲೆ ಅಲ್ಲಾಡಿಸಿದ್ದರು. ಈಗ ಆಂಪ್ಲಿಫೈಯರ್ ಉಳಿದಿತ್ತು. "ಕೌನ್ಸಾ ಪಸಂದ್ ಆಯಾ ಮೇಡಂ?" ಎಂದರು. ನಾನು ಎಡಗಡೆಯದನ್ನು ತೋರಿಸಿದೆ, ಸುಮ್ಮನೆ, ಅದು ನೋಡಲು ಚೆನ್ನಾಗಿತ್ತು. "ವಾಹ್ ಮೇಡಂ, ಕ್ಯಾ ಕಾನ್ ಹೈ ಆಪ್‌ಕೇ! ಬೆಸ್ಟ್ ವಾಲಾ ಪಕಡ್ ಲಿಯೇ" ಎಂದು ಪ್ಯಾಕಿಂಗಿನ ಡಬ್ಬಿ ಎಳೆದರು. ಎಂಥ ಕಿವಿ ನಿಮ್ಮದು! ಇಷ್ಟು ಹಿತವಾಗಿ ಒಬ್ಬರನ್ನು ಒಂಟಿ ಮಾಡಬಹುದೆಂದು ಸುಳ್ಳು ಹೇಳುವವರ ಕಡೆ ಕೂತಿದ್ದ ಆ ಭಾನುವಾರ ನನಗೆ ಗೊತ್ತಿರಲಿಲ್ಲ. "ಸಾಹೇಬ್," ಎಂದೆ, "ಮೇರೇ ಕಾನ್ ಖರಾಬ್ ಹೋ ಗಯೇ. ಮುಝೇ ದೋನೋ ಏಕ್ ಹೀ ಸುನಾಯೀ ದೇತೇ. ಆಪ್ ಸುನ್‌ಕೇ ಸಚ್ ಬೋಲೋ." ನನ್ನ ಕಿವಿ ಕೆಟ್ಟಿವೆ, ನೀವು ಕೇಳಿ ನಿಜ ಹೇಳಿ ಎಂದು.

ಅವರ ಮುಖದ ನಗು ಹೋಯಿತು. ಡಬ್ಬಿ ಬದಿಗಿಟ್ಟು, ಸ್ಟೂಲು ಎಳೆದು ನನ್ನ ಪಕ್ಕದಲ್ಲೇ ಕೂತರು. ಅದೇ ಸಾರಂಗಿಯನ್ನು ಮತ್ತೆ ಹಚ್ಚಿ, ಕಣ್ಣು ಮುಚ್ಚಿ, ಒಂದನ್ನು ಪೂರ್ತಿ ಕೇಳಿದರು, ಇನ್ನೊಂದನ್ನು ಪೂರ್ತಿ ಕೇಳಿದರು. ಕೆಳಗೆ ಆಟೋಗಳು ಹಾರನ್ ಹೊಡೆಯುತ್ತಿದ್ದವು. ಕಣ್ಣು ಬಿಟ್ಟು, ನಾನು ಆರಿಸಿದ್ದರ ಮೇಲೆ ಕೈ ಇಟ್ಟು, "ಯೇ ಚುಭ್ತಾ ಮೇಡಂ. ಮತ್ ಲ್ಯೋ" ಎಂದರು.

ಇಷ್ಟೇ ಮಾತು. ಒಂದು ಮಗುವಿನ ಬಾಯಿಗೆ ದೊಡ್ಡದಾಗುವಂಥದ್ದೇನೂ ಅದರಲ್ಲಿಲ್ಲ. ಇನ್ನೊಂದನ್ನು ಕೊಳ್ಳಲು ಪರ್ಸು ತೆರೆಯಹೋದವಳು ಹಾಗೆಯೇ ನಿಂತು, ಐವತ್ತು ವರ್ಷ ತಡವಾಗಿ, ಗೋಡೆಯ ಕಡೆ ತಿರುಗಿ ಮೆಲ್ಲಗೆ ಹೇಳಿದೆ: "ಇದು ಚುಚ್ಚತೈತಪ್ಪಾ. ಬ್ಯಾಡ."

"ಕ್ಯಾ ಬೋಲೇ ಮೇಡಂ?" ಎಂದು ಇರ್ಫಾನ್ ಸಾಹೇಬರು ಕೇಳಿದರು. ಏನಿಲ್ಲ ಎಂದೆ.